ಬಳ್ಳಿಯೊಳಗಿನ ಕರೆ

ಊರೂರಿಗೆ ಹೋಗಿ ಮನಸ್ಸಿನ ಕಾಯಿಲೆಯವರಿಗೆ ಗುಳಿಗೆ ಮುಟ್ಟಿಸುವುದು ನನ್ನ ಕೆಲಸ. ಐಗಳಿಯ ದ್ರಾಕ್ಷಿ ತೋಟದಲ್ಲಿ ಕೂಲಿ ಮಾಡುವ ಶಾಂತವ್ವನಿಗೆ, ಯಾರೂ ಇಲ್ಲದಾಗಲೂ ಹೆಸರು ಹಿಡಿದು ಕರೆಯುವ ದನಿ ಕೇಳುತ್ತಿತ್ತು. ತೋಟದ ಮಾಲಕರ ಸೊಸೆಗೂ ಅದೇ ಕಾಯಿಲೆ, ಅದೇ ಗುಳಿಗೆ. ಸೊಸೆ ಚೇತರಿಸಿಕೊಂಡಳು, ಶಾಂತವ್ವ ಚೇತರಿಸಿಕೊಳ್ಳಲಿಲ್ಲ. ಯಾಕೆಂದು ಕೇಳಲು ತೋಟಕ್ಕೇ ಹೋದೆ.

ಚಪ್ಪರದ ಕೆಳಗೆ ಮಧ್ಯಾಹ್ನವೇ ಮಬ್ಬುಗತ್ತಲು. ಒಂದೆಲೆಯೂ ಅಲುಗುತ್ತಿರಲಿಲ್ಲ.

"ಗುಳಿಗಿ ನುಂಗಿದ್ರ ಕಣ್ಣ ಎಳೀತಾವ್ರಿ. ಮಾಲಕರ ಸೊಸಿ ಮಲ್ಕೋತಾರ. ನಾ ಕತ್ತರಿ ಹಿಡೀಬೇಕಲ್ರಿ, ಅದಕ ಬಿಟ್ಟೀನಿ," ಎಂದಳು ಶಾಂತವ್ವ.

ಅಷ್ಟರಲ್ಲಿ ಬಳ್ಳಿಗಳ ಒಳಗಿಂದ ಯಾರೋ ಕರೆದರು: "ಶಾಂತೀ..."

ಮುಖ ಕಾಣಲಿಲ್ಲ. ಶಾಂತವ್ವ ಓಗೊಡದೆ ನನ್ನನ್ನೇ ನೋಡುತ್ತ ಕೂತಳು. ಕರೆ ಕೇಳಿದರೆ ಮೊದಲು ಪಕ್ಕದವರನ್ನು ವಿಚಾರಿಸು ಎಂದು ನಾನೇ ಅವಳಿಗೆ ಹೇಳಿಕೊಟ್ಟಿದ್ದೆ.

"ಅಕ್ಕಾರ, ನಿಮಗೂ ಕೇಳಿಸ್ತೇನ್ರಿ?"

"ಕೇಳಿಸ್ತವ್ವಾ. ಮಾಲಕರ ದನಿ ಅದು."

"ಹಂಗಾರ ಇದು ಗುಳಿಗಿಗೆ ನಿಲ್ಲೂದಲ್ಲ ಬಿಡ್ರಿ."

ಕತ್ತರಿ ಹಿಡಿದು ಎದ್ದವಳು ಬಳ್ಳಿಗಳೊಳಗೆ ಮರೆಯಾದಳು.

ಸಂಜೆ ಸೊಸೆಯ ಗುಳಿಗೆ ಕೊಡಲು ಮಾಲಕರ ಮನೆಗೆ ಹೋಗಿ ಬಾಗಿಲು ಬಡಿದೆ. ಒಳಗಿನ ಕತ್ತಲಿಂದ ಅದೇ ದನಿ, ಈಗ ಪಿಸುಮಾತಿನಲ್ಲಿ, ಹೇಳಿತು: "ಸಾವಕಾಶ ರೀ ಅಕ್ಕಾರ. ಸೊಸಿ ಮಲಗ್ಯಾಳ."