ಐತಪ್ಪನ ಕಾರು ಉಸಿರೆಳೆದ ಬಗೆ

ಉಸಿರು ನಮ್ಮ ಸ್ವತ್ತಲ್ಲ. ನಾವು ಮಲಗಿದ್ದರೂ ಮೈಮರೆತಿದ್ದರೂ ಒಳಗೆ ಕುಳಿತು ಅದನ್ನು ಎಳೆಯುವವನೂ ಬಿಡುವವನೂ ಮುಖ್ಯಪ್ರಾಣ. ಹಂಸಮಂತ್ರವೆಂದರೆ ಏನೆಂದು ತಿಳಿಯದವನ ಮೂಗಿನಲ್ಲಿಯೂ ಆತ ಅದನ್ನು ಬಿಡದೆ ಜಪಿಸುತ್ತಾನೆ. ಭಜನೆಯ ಮನೆಗಳಲ್ಲಿ ಈ ಮಾತು ಬಂದಾಗ ಜನ ತಲೆಯಾಡಿಸಿ, ಪ್ರಸಾದಕ್ಕೆ ಕೈಯೊಡ್ಡಿ, ಮನೆಗೆ ಹೋಗುತ್ತಾರೆ. ಮದರಾಸಿನ ಎಗ್ಮೋರಿನಲ್ಲಿ ಹೋಟೆಲೊಂದರ ಡ್ರೈವರಾಗಿದ್ದ ಐತಪ್ಪನಿಗೆ ಅದು ತಲೆಯಾಡಿಸಿ ಬಿಡುವ ಮಾತಾಗಿರಲಿಲ್ಲ. ಉಸಿರು ಹೋಗುವುದನ್ನು ಅವನು ಕಿವಿಯಾರೆ ಕೇಳಿದ್ದ. ಹೋದ ಉಸಿರು ತಿರುಗಿ ಬಂದು ತನ್ನ ಕಾರಿನ ನೆತ್ತಿಯ ಮೇಲೆ ಕುಳಿತದ್ದನ್ನೂ ಕೇಳಿದ್ದ.

ಅವನು ಮೂಲ್ಕಿಯ ಕಡೆಯವನು. ಮೀಸೆ ಚಿಗುರುವ ವಯಸ್ಸಿನಲ್ಲಿ ಬಂದು ವಿಶ್ವನಾಥ ರಾಯರ ಹೋಟೆಲಿನ ಹಿತ್ತಿಲಲ್ಲಿ ಸೌದೆ ಒಡೆಯಲು ನಿಂತ. ತನ್ನ ದೇಶಕ್ಕೆ ಮರಳುತ್ತಿದ್ದ ಬಿಳಿಯ ದೊರೆಯೊಬ್ಬನಿಂದ ರಾಯರು ಒಂದು ಕಪ್ಪು ಕಾರನ್ನು ಕೊಂಡಾಗ ಅದನ್ನು ಒರೆಸುವ ಕೆಲಸ ಇವನದಾಯಿತು. ಒರೆಸುತ್ತ ಒರೆಸುತ್ತ ಅದರ ಹೊಟ್ಟೆಯೊಳಗಿನದೆಲ್ಲ ತಿಳಿಯಿತು. ಕೊನೆಗೆ ಓಡಿಸುವವನೂ ಇವನೇ ಆದ. ಬೆಳಗ್ಗೆ ಕೊತ್ತವಾಲ್ ಚಾವಡಿಯಿಂದ ತರಕಾರಿ ತರುವುದು, ಆಮೇಲೆ ರಾಯರನ್ನು ಬೇಕಾದಲ್ಲಿಗೆ ಕರೆದೊಯ್ಯುವುದು, ಸಂಜೆ ಪುರಸವಾಕ್ಕದ ತನ್ನ ಬಾಡಿಗೆ ಮನೆಯ ಪಕ್ಕದ ತಗಡಿನ ಮಾಡಿನಡಿ ಕಾರನ್ನು ನಿಲ್ಲಿಸುವುದು ಅವನ ದಿನಚರಿ. ಮನೆಯಲ್ಲಿ ಹೆಂಡತಿ ಚಂದ್ರಮತಿ ಮತ್ತು ಪುಟ್ಟ ಮಗಳು ಸುಮತಿ.

ಚಂದ್ರಮತಿಗೆ ಉಬ್ಬಸವಿತ್ತು. ಮಳೆಯ ಮೋಡ ಕವಿದರೆ ಸಾಕು, ಅವಳ ಎದೆಯೊಳಗೆ ಸಣ್ಣದೊಂದು ಸಿಳ್ಳೆ ಎದ್ದು ಮೆಲ್ಲನೆ ಏರಿ, ತುದಿಯಲ್ಲಿ ಏನನ್ನೋ ಕೇಳುವಂತೆ ಕೊಂಚ ಮೇಲಕ್ಕೆತ್ತಿ ನಿಲ್ಲುತ್ತಿತ್ತು. ಎಂಜಿನಿನ ಸದ್ದಿನಲ್ಲೇ ಅದರ ಕಾಯಿಲೆ ಹಿಡಿಯುವ ಐತಪ್ಪ ಆ ಸಿಳ್ಳೆಯ ಏರಿಳಿತವನ್ನೂ ಬಾಯಿಪಾಠ ಮಾಡಿಕೊಂಡಿದ್ದ.

ಐವತ್ತಾರರ ಸುಮಾರಿನ ಮಾತು. ದೀಪಾವಳಿ ಕಳೆದು ಮಳೆ ಹಿಡಿದಿತ್ತು. ಒಂದು ಮಧ್ಯಾಹ್ನ ಚಂದ್ರಮತಿಯ ಉಬ್ಬಸ ಉಲ್ಬಣಿಸಿತು. ಐತಪ್ಪ ಅವಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಆಸ್ಪತ್ರೆಗೆ ಹೊರಟ. ರೈಲು ಸೇತುವೆಯ ಕೆಳಗೆ ನೀರು ನಿಂತಿತ್ತು. ಕಾರು ದಾಟೀತೆಂದು ನಂಬಿ ಇಳಿಸಿದ. ನಡುಮಧ್ಯದಲ್ಲಿ ಎಂಜಿನು ಒಮ್ಮೆ ಕೆಮ್ಮಿತು, ಗಾಳಿ ಎಳೆಯುವ ಬಾಯಿಂದ ನೀರು ಕುಡಿಯಿತು, ನಿಂತುಹೋಯಿತು. ಹಿಂದಿನಿಂದ ಚಂದ್ರಮತಿ ಅವನ ಭುಜದ ಮೇಲೆ ಕೈಯಿಟ್ಟಳು. ಮಾತಾಡಲು ಅವಳಲ್ಲಿ ಗಾಳಿಯಿರಲಿಲ್ಲ.

"ಸ್ವಲ್ಪ ತಡಕೊ ಚಂದ್ರಾ, ಈಗ ಸರಿ ಮಾಡ್ತೇನೆ."

ಇಲ್ಲಿಯೇ ಅವನು ಎಡವಿದ್ದು. ಹೆಂಡತಿಯನ್ನು ಎತ್ತಿಕೊಂಡು ನಡೆಯಬೇಕಾದವನು ಬಾನೆಟ್ಟನ್ನು ಎತ್ತಿದ. ಯಂತ್ರವನ್ನು ಅಷ್ಟು ನಂಬಿದ್ದ ಕೈಗಳು. ಪ್ಲಗ್ಗು ಬಿಚ್ಚಿ, ಒರೆಸಿ, ಮತ್ತೆ ತಿರುವಿ, ಮತ್ತೆ ಬಿಚ್ಚುತ್ತಿದ್ದಾಗ, ಮಳೆಯ ಸದ್ದಿನ ನಡುವೆ, ಕಾರಿನೊಳಗಿನ ಸಿಳ್ಳೆ ನಿಂತದ್ದು ಅವನ ಕಿವಿಗೆ ಬಿತ್ತು. ಆಮೇಲೆ ಎತ್ತಿಕೊಂಡು ಓಡಿದ. ಓಡಿ ಏನು ಫಲ? ಶ್ರೀಹರಿ ಕೊಟ್ಟದ್ದನ್ನು ಹಿಂದಕ್ಕೆ ತೆಗೆದುಕೊಂಡಿದ್ದ.

ತಿರುವೊಟ್ಟಿಯೂರಿನ ಕಡಲ ದಂಡೆಯಲ್ಲಿ ಕ್ರಿಯೆಗಳು ಮುಗಿದವು. ಊರಿನಿಂದ ಬಂದ ಚಂದ್ರಮತಿಯ ತಾಯಿ ಶಾರದಮ್ಮ ಮಗುವಿಗಾಗಿ ಮದರಾಸಿನಲ್ಲಿಯೇ ಉಳಿದರು. ಒಂದು ಮಾತ್ರ ಬಾಕಿಯಾಯಿತು. ತುಳುನಾಡಿನಲ್ಲಿ ಸತ್ತವರನ್ನು ಮನೆಯ ಒಳಗೆ ಕರೆಯುವ ಪದ್ಧತಿಯುಂಟು. ಉತ್ತರಕ್ರಿಯೆಯಾದ ಮೇಲೆ ಅವರಿಗೆ ಇಷ್ಟವಾದದ್ದನ್ನು ಎಲೆಯಲ್ಲಿ ಬಡಿಸಿ, ಹೊಸ್ತಿಲಲ್ಲಿ ನಿಂತು, ಹೆಸರು ಹಿಡಿದು ಕರೆಯುತ್ತಾರೆ. ಹಾಗೆ ಕರೆದ ಮೇಲೆ ಹೋದವರು ಅಂಗಳದಲ್ಲಿ ನಿಲ್ಲದೆ ಒಳಬಂದು ಹಿರಿಯರ ಸಾಲಿಗೆ ಸೇರುತ್ತಾರೆಂಬ ನಂಬಿಕೆ. ಶಾರದಮ್ಮ ಕೇಳಿದಾಗ ಐತಪ್ಪ, "ಬಾಡಿಗೆ ಮನೆ ಅತ್ತೆ, ಮಾಲೀಕರು ಒಪ್ಪುವುದಿಲ್ಲ" ಎಂದ. ಮಾತು ಅಲ್ಲಿಗೇ ನಿಂತಿತು.

ಅವನ ಮನಸ್ಸು ನಿಂತದ್ದು ಬೇರೆ ಕಡೆ. ಕಾರಿನ ಗಾಳಿಯ ಬಾಯಿ ಅಷ್ಟು ಕೆಳಗಿದ್ದರಿಂದಲ್ಲವೇ ಅದು ನೀರು ಕುಡಿದದ್ದು? ಬಿಡುವಿದ್ದಾಗಲೆಲ್ಲ ಬಾನೆಟ್ಟಿನೊಳಗೆ ತಲೆ ತೂರಿಸಿದ. ಕಾರ್ಬುರೇಟರಿನ ಮೇಲೆ ಕುಳಿತಿದ್ದ ಗಾಳಿ ಸೋಸುವ ಎಣ್ಣೆಬಟ್ಟಲಿನ ಏರ್ ಕ್ಲೀನರನ್ನು ಕಿತ್ತ. ತಗಡಿನ ಕೆಲಸದವನಿಂದ ತೋಳಿನ ಗಾತ್ರದ ಕೊಳವೆ ಮಾಡಿಸಿ, ಬಾನೆಟ್ಟಿನ ಪಕ್ಕಕ್ಕೆ ತೂತು ಕೊರೆದು, ಮುಂಗಾಜಿನ ಅಂಚಿನಗುಂಟ ಮೇಲಕ್ಕೆ ಹತ್ತಿಸಿ, ಛಾವಣಿಗಿಂತ ಎತ್ತರಕ್ಕೆ ನಿಲ್ಲಿಸಿದ. ಸಂದುಗಳಿಗೆ ಸೈಕಲ್ ಟ್ಯೂಬಿನ ರಬ್ಬರು ಸುತ್ತಿದ. ಧೂಳು ಹೋಗದಂತೆ ತುದಿಗೆ ಏನು ಹಾಕಲಿ ಎಂದು ಹುಡುಕುವಾಗ ಹೋಟೆಲಿನ ಮೂಲೆಯಲ್ಲಿ ಒಂದು ಹಳೆಯ ಹಿತ್ತಾಳೆಯ ಕಾಫಿ ಫಿಲ್ಟರು ಸಿಕ್ಕಿತು. ಅದರ ತೂತು ತೂತಿನ ಮೇಲ್ಭಾಗವನ್ನು ಕೊಳವೆಗೆ ಬೋರಲು ಹಾಕಿ ಬೆಸೆದ.

ರಾಯರು ಕನ್ನಡಕ ಏರಿಸಿ ನೋಡಿದರು. "ಅಲ್ಲ ಐತಪ್ಪ, ಇನ್ನು ಮುಂದೆ ಡಿಕಾಕ್ಷನ್ ಕಾರಿನಲ್ಲಿ ಇಳಿಸುವುದೋ?"

"ನೀರು ಕುಡಿಯಬಾರದಲ್ಲ ಧಣಿಗಳೇ."

ರಾಯರಿಗೆ ಅವನ ಮುಖ ನೋಡಿ ನಗು ನಿಂತಿತು. "ಆಗಲಿ. ತರಕಾರಿ ಬಂದರಾಯಿತು."

ಮೊದಲ ದಿನ ಕಾರನ್ನು ಹೊರತೆಗೆದು, ರಸ್ತೆ ತೆರವಾದಾಗ ಕಾಲಿನಿಂದ ಪೆಡಲನ್ನು ಒತ್ತಿದ. ತಲೆಯ ಮೇಲೆ ಸಣ್ಣದೊಂದು ಸಿಳ್ಳೆ ಎದ್ದಿತು. ಮೆಲ್ಲನೆ ಏರಿತು. ತುದಿಯಲ್ಲಿ, ಏನನ್ನೋ ಕೇಳುವಂತೆ, ಕೊಂಚ ಮೇಲಕ್ಕೆತ್ತಿ ನಿಂತಿತು.

ಐತಪ್ಪ ಕಾರನ್ನು ಬದಿಗೆ ನಿಲ್ಲಿಸಿದ. ಹಿಂದಿನ ಸೀಟನ್ನು ನೋಡಲು ಧೈರ್ಯ ಬರುವವರೆಗೂ ಚಕ್ರ ಹಿಡಿದು ಕುಳಿತೇ ಇದ್ದ.

ಗಿಂಡಿಯಲ್ಲಿ ಸಣ್ಣ ವರ್ಕ್‌ಶಾಪ್ ಇಟ್ಟಿದ್ದ ಊರಿನ ಗೆಳೆಯ ಭೋಜರಾಜನಿಗೆ ಮಾತ್ರ ಅದರಲ್ಲಿ ಯಾವ ಗುಟ್ಟೂ ಕಾಣಲಿಲ್ಲ. "ಇದೆಂತ ಐತಪ್ಪಣ್ಣ, ಕಾರಿಗೆ ಕೊಂಬು ಬಂದದ್ದಾ? ಪೈಪು ಉದ್ದ ಆಯಿತು, ತುದಿಯಲ್ಲಿ ತೂತಿನ ಹಿತ್ತಾಳೆ ಬೇರೆ. ಎಂಜಿನು ಎಳೆದರೆ ಕೊಳಲು ಊದಿದ ಹಾಗೆಯೇ. ಒಳಗೆ ತೆಂಗಿನ ನಾರು ಸುತ್ತಿ, ಅದು ಜಾರದ ಹಾಗೆ ತಂತಿಬಲೆ ಒತ್ತಿಬಿಡಿ. ಬಾಯಿ ಮುಚ್ಚುತ್ತದೆ."

"ಮುಚ್ಚುವುದು ಬೇಡ."

"ಹಾಂ? ಬೀದಿಯ ಮಕ್ಕಳು ಇದನ್ನು ಎಂತ ಕರೀತಾರೆ ಗೊತ್ತುಂಟಾ ನಿಮಗೆ? ಪೇಯ್ ವಂಡಿ! ದೆವ್ವದ ಗಾಡಿ!"

"ಕರೆಯಲಿ ಬಿಡು ಭೋಜ."

ಬುದ್ಧಿ ಭೋಜರಾಜನ ಮಾತನ್ನು ಒಪ್ಪಿತ್ತು. ಕಿವಿ ಒಪ್ಪಲಿಲ್ಲ. ಕೊತ್ತವಾಲ್ ಚಾವಡಿಯಿಂದ ಬದನೆಕಾಯಿಯ ಮೂಟೆಗಳನ್ನು ಹೇರಿಕೊಂಡು ಬರುವಾಗ, "ಇವತ್ತು ಬಿಸಿಲು ಜೋರು ಚಂದ್ರಾ" ಎಂದು ಮೆಲ್ಲಗೆ ಹೇಳಿ ಪೆಡಲು ಒತ್ತುತ್ತಿದ್ದ. ಮೇಲಿನಿಂದ ಉತ್ತರ ಬರುತ್ತಿತ್ತು. ಖಾಲಿ ಕಾರಿನಲ್ಲಿ ಸೀಟಿನ ಸ್ಪ್ರಿಂಗು ಕಿರುಗುಟ್ಟಿದರೂ ಅವನ ಬೆನ್ನು ತಣ್ಣಗಾಗುತ್ತಿತ್ತು; ಆದರೂ ಮರುದಿನ ಅದೇ ರಸ್ತೆಯಲ್ಲಿ ಪೆಡಲನ್ನು ಅಷ್ಟೇ ಒತ್ತುತ್ತಿದ್ದ. ಅವನನ್ನು ನೋಡಿ ನಗಬಾರದು. ಪ್ರಿಯರ ದನಿಯನ್ನು ಉಳಿಸಿಕೊಳ್ಳಲು ಮನುಷ್ಯ ಯಾವ ಹಿತ್ತಾಳೆಗೂ ಕಿವಿಗೊಡುತ್ತಾನೆ.

ಆದರೆ ಸಂಜೆ ಓಣಿಯಲ್ಲಿ ಆ ಸಿಳ್ಳೆ ಕೇಳಿದೊಡನೆ ಇನ್ನೊಬ್ಬಳೂ ಓಡಿಬರುತ್ತಿದ್ದಳು. ತಮಿಳು ಶಾಲೆಗೆ ಸೇರಿದ್ದ ಸುಮತಿ ಉಣ್ಣುತ್ತಿದ್ದರೆ ಎಂಜಲು ಕೈಯಲ್ಲೇ ಎದ್ದು, "ಅಜ್ಜೀ, ಅಮ್ಮ ವಂದಾಚ್ಚು!" ಎಂದು ಗೇಟಿಗೆ ಧಾವಿಸುತ್ತಿದ್ದಳು. ಅಮ್ಮ ಬಂದಾಯಿತು. ಐತಪ್ಪ ಇಳಿದು ಮಗಳನ್ನು ಎತ್ತಿಕೊಂಡರೆ ಅವಳು ಅವನ ಭುಜದ ಮೇಲಿಂದ ಖಾಲಿ ಸೀಟನ್ನೇ ನೋಡುತ್ತಿದ್ದಳು.

ಮತ್ತೆ ಮಳೆಗಾಲ ಹತ್ತಿರವಾದಾಗ ಒಂದು ಮಧ್ಯಾಹ್ನ ಶಾರದಮ್ಮ ಅವನನ್ನು ಚಾಪೆಯ ಬಳಿಗೆ ಕರೆದರು. ಸುಮತಿ ಮಲಗಿದ್ದಳು. ಅವಳ ಗಂಟಲಿನಿಂದ ಸಣ್ಣ ಸಿಳ್ಳೆ ಏರಿ, ತುದಿಯಲ್ಲಿ ಕೊಂಚ ಮೇಲಕ್ಕೆತ್ತಿ ನಿಲ್ಲುತ್ತಿತ್ತು.

ಐತಪ್ಪ ಬಗ್ಗಿ ಮಗಳ ಎದೆಗೆ ಕಿವಿಯಿಟ್ಟ. "ಇವಳಿಗೂ ಬಂತಾ ಅತ್ತೆ?"

"ಡಾಕ್ಟರಲ್ಲಿಗೆ ಹೋಗಿ ಬಂದೆ. ಎದೆಯಲ್ಲಿ ಎಂತದೂ ಇಲ್ಲವಂತೆ. ಅವಳನ್ನೇ ಕೇಳು."

ಸದ್ದಿಗೆ ಎದ್ದ ಮಗು ಕಣ್ಣುಜ್ಜಿಕೊಂಡಿತು. "ಅಮ್ಮ ಇಪ್ಪಡಿದಾನ್ ಪೇಸುವಾಂಗ ಅಪ್ಪ. ಹೀಗೇ ಅಲ್ವಾ ಅಮ್ಮ ಮಾತಾಡೋದು? ನಾನೂ ಹಾಗೇ ಮಾತಾಡಿದೆ."

ಶಾರದಮ್ಮ ಮೂಲೆಯಲ್ಲಿದ್ದ ತಗಡಿನ ಪೆಟ್ಟಿಗೆಯನ್ನು ತೋರಿಸಿದರು. ಮಗುವಿನ ಲಂಗಗಳು ಅದರಲ್ಲಿ ಮಡಚಿ ಕುಳಿತಿದ್ದವು. "ನಾಡಿದ್ದಿನ ಮಂಗಳೂರು ಮೇಲ್ ರೈಲಿನಲ್ಲಿ ನಾನು ಇವಳನ್ನು ಕರಕೊಂಡು ಹೋಗ್ತೇನೆ. ಒಬ್ಬಳನ್ನು ನಿನ್ನ ಕಾರಿಗೆ ಕೊಟ್ಟಾಯಿತು. ಇನ್ನೊಬ್ಬಳನ್ನು ಕೊಡುವುದಿಲ್ಲ."

"ಮಗು ಇಲ್ಲದೆ ನಾನು ಹೇಗಿರಲಿ ಅತ್ತೆ?"

"ಹಾಗಾದರೆ ಆ ಕೊಳವೆಯ ಬಾಯಿ ಮುಚ್ಚು."

ಐತಪ್ಪ ನೆಲ ನೋಡಿದ. ಪಿಸುಗುಟ್ಟಿದ. "ಮುಚ್ಚಿದರೆ ಅವಳು ಹೋಗಿಬಿಡ್ತಾಳೆ."

ಶಾರದಮ್ಮನ ದನಿ ತಗ್ಗಿತು. "ನನಗೆ ಕೇಳುವುದಿಲ್ಲ ಅಂತ ಮಾಡಿದ್ದೀಯಾ? ಹೆತ್ತವಳು ನಾನು. ದಿನಾ ಸಂಜೆ ಒಲೆಯೆದುರು ಕೂತು ಕೇಳ್ತೇನೆ. ಅವಳು ಹೋಗಲಿಲ್ಲ, ಸರಿ. ಬಂದಳಾ? ಮಳೆಗೆ ಬಿಸಿಲಿಗೆ ಹೊರಗೇ ನಿಲ್ಲಿಸಿದ್ದೀಯಲ್ಲ ಐತಪ್ಪ, ಒಂದು ದಿನವಾದರೂ ಒಳಗೆ ಬಾ ಅಂತ ಕರೆದಿದ್ದೀಯಾ?"

ಆ ಪ್ರಶ್ನೆಗೆ ಅವನಲ್ಲಿ ಉತ್ತರವಿತ್ತು, ಹೇಳುವಂಥದ್ದಲ್ಲ. ಮಾಲೀಕರನ್ನು ಅವನು ಕೇಳಿಯೇ ಇರಲಿಲ್ಲ. ಕರೆದರೆ ಚಂದ್ರಮತಿ ಹಿರಿಯರ ಸಾಲಿನಲ್ಲಿ ಕುಳಿತು ಮನೆಗೆಲ್ಲ ಸೇರಿದವಳಾಗುತ್ತಾಳೆ. ತನ್ನೊಬ್ಬನ ಜೊತೆ ರಸ್ತೆಯಲ್ಲಿ ತಿರುಗುವವಳಾಗಿ ಉಳಿಯುವುದಿಲ್ಲ. ಅದನ್ನು ಅವನು ತಿಳಿದೇ ಮುಂದೂಡಿದ್ದ. ಪ್ರೀತಿಯೂ ಒಮ್ಮೊಮ್ಮೆ ಬಾಗಿಲಿಗೆ ಅಗುಳಿ ಹಾಕುತ್ತದೆ.

ಶಾರದಮ್ಮ ತಾವೇ ಮುಂದಿದ್ದ ಮಾಲೀಕರ ಮನೆಗೆ ಹೋಗಿ, ತಮ್ಮ ಹರಕು ತಮಿಳಿನಲ್ಲಿ ಕೈಸನ್ನೆ ಬೆರೆಸಿ ವಿಷಯ ತಿಳಿಸಿದರು. ಮಾಲೀಕರ ಮುದಿತಾಯಿ ಅವರ ಕೈ ಹಿಡಿದುಕೊಂಡಳು. "ಅದುಕ್ಕೆನ್ನಮ್ಮಾ? ಉಂಗ ಪೊಣ್ಣುದಾನೇ!" ನಿಮ್ಮ ಮಗಳೇ ಅಲ್ಲವೇ, ಕೇಳುವುದೇನು ಎಂಬ ಆ ಮಾತಿನ ಜೊತೆಗೆ ಹಿತ್ತಿಲಿನ ಬಾಳೆಯೆಲೆಯನ್ನೂ ಕೊಯ್ದುಕೊಟ್ಟಳು.

ಮರುದಿನ ಮುಸ್ಸಂಜೆ ಒಳಕೋಣೆಯಲ್ಲಿ ದೀಪ ಹಚ್ಚಿ, ಎಲೆ ಹಾಸಿ, ಕುಚ್ಚಲಕ್ಕಿಯ ಅನ್ನವನ್ನೂ ಚಂದ್ರಮತಿಗೆ ಪ್ರಿಯವಾಗಿದ್ದ ಬಂಗುಡೆ ಮೀನಿನ ಸಾರನ್ನೂ ಬಡಿಸಿದರು. ಓಣಿಯಲ್ಲಿ ಸಿಳ್ಳೆ ಕೇಳಿತು. ಕಾರು ನಿಂತಿತು. ಸುಮತಿ ಓಡಲು ಎದ್ದಾಗ ಅಜ್ಜಿ ಅವಳ ಕೈ ಹಿಡಿದರು.

ಐತಪ್ಪ ಬಂದು, ಕಾಲು ತೊಳೆದು, ಹೊಸ್ತಿಲ ಮೇಲೆ ಹೊರಮುಖವಾಗಿ ನಿಂತ. ಮಾಡಿನಡಿ ಕಾರು ಕಪ್ಪಗೆ ಕಾಣುತ್ತಿತ್ತು. ಅದರ ನೆತ್ತಿಯ ಹಿತ್ತಾಳೆಗೆ ಮಾತ್ರ ಕೊನೆಯ ಬೆಳಕು ತಗಲಿತ್ತು.

"ನೀವು ಕರೆಯಿರಿ ಅತ್ತೆ."

"ನಿನ್ನ ಬಾಯಿಂದಲೇ ಆಗಬೇಕು."

ಅವನು ಬಾಯಿ ತೆರೆದ. ಮಾತಿನ ಬದಲು ಅವನ ಎದೆಯಿಂದಲೂ ಸಿಳ್ಳೆಯೊಂದು ಬಂತು. ಮತ್ತೊಮ್ಮೆ ಉಸಿರೆಳೆದುಕೊಂಡು, ಊರಿನ ಮಾತಿನಲ್ಲಿ, ಕಾರಿನೊಳಗೆ ಎಂದೂ ಆಡದಷ್ಟು ಗಟ್ಟಿಯಾಗಿ ಕರೆದ: "ಚಂದ್ರಾ... ಉಲಾಯಿ ಬಲ. ಮಳೆ ಬರುವ ಹಾಗುಂಟು. ಒಳಗೆ ಬಾ."

ಎಲ್ಲಿಂದಲೂ ಉತ್ತರ ಬರಲಿಲ್ಲ. ತಣ್ಣನೆಯ ಗಾಳಿಯೊಂದು ಅವನ ಮಗ್ಗುಲಿನಿಂದ ಒಳಕ್ಕೆ ಹಾದು ದೀಪವನ್ನು ಬಾಗಿಸಿತು. ಅವಳು ಉಣ್ಣಲೆಂದು ಒಳಕೋಣೆಯ ಬಾಗಿಲನ್ನು ಮುಂದೆ ಮಾಡಿ ಮೂವರೂ ಜಗಲಿಯಲ್ಲಿ ಕುಳಿತರು.

"ಅಪ್ಪ, ಈಗ ಕಾರಲ್ಲಿ ಯಾರಿದ್ದಾರೆ?"

"ಯಾರೂ ಇಲ್ಲ ಮಗಾ. ಕಾರು ಖಾಲಿ. ಅಮ್ಮ ಒಳಗೆ ಉಣ್ತಿದ್ದಾಳೆ."

ಬೆಳಗ್ಗೆ ಶಾರದಮ್ಮ ತೆಂಗಿನ ಸಿಪ್ಪೆ ಜಜ್ಜಿ ನಾರು ಬಿಡಿಸಿಕೊಟ್ಟರು. ಐತಪ್ಪ ಅದನ್ನು ಕೊಳವೆಯೊಳಗೆ ಸುತ್ತಿ ತಂತಿಬಲೆ ಒತ್ತಿದ. ಎಗ್ಮೋರಿನವರೆಗೆ ಕಾರು ಮೂಕವಾಗಿ ಓಡಿತು. ದಾರಿಯುದ್ದಕ್ಕೂ ಅವನು ಕನ್ನಡಿಯಲ್ಲಿ ಹಿಂದಿನ ಸೀಟನ್ನು ನೋಡುತ್ತಲೇ ಇದ್ದ. ಸಿಳ್ಳೆಗಿಂತ ಆ ಮೌನವೇ ಅವನನ್ನು ಹೆಚ್ಚು ಹೆದರಿಸಿತು.

"ಎಂತ ಐತಪ್ಪ, ನಿನ್ನ ದೆವ್ವ ಇವತ್ತು ರಜೆಯೋ?" ಎಂದರು ರಾಯರು.

"ಮನೆಗೆ ಹೋಯಿತು ಧಣಿಗಳೇ."

ಮಂಗಳೂರು ಮೇಲ್ ರೈಲು ಅಜ್ಜಿಯನ್ನೂ ಮೊಮ್ಮಗಳನ್ನೂ ಬಿಟ್ಟೇ ಹೋಯಿತು. ತಗಡಿನ ಪೆಟ್ಟಿಗೆ ಮಾತ್ರ ಕೆಲವು ದಿನ ಹಾಗೆಯೇ ಮೂಲೆಯಲ್ಲಿತ್ತು. ಮಗುವಿನ ಸಿಳ್ಳೆ ಕ್ರಮೇಣ ಅಡಗಿದ ಮೇಲೆ ಶಾರದಮ್ಮ ಲಂಗಗಳನ್ನು ಹೊರತೆಗೆದರು.

ಆ ವರ್ಷದ ಮಳೆಯೂ ಸಣ್ಣದಲ್ಲ. ಒಂದು ಇಳಿಹೊತ್ತು, ಭೋಜರಾಜನ ಮನೆಯ ಪೂಜೆ ಮುಗಿಸಿ ಮೂವರೂ ಬರುವಾಗ, ಅದೇ ಸೇತುವೆಯ ಕೆಳಗೆ ನೀರು ನಿಂತಿತ್ತು. ಐತಪ್ಪ ಅಂಚಿನಲ್ಲಿ ಕಾರು ನಿಲ್ಲಿಸಿದ. ಬೇರೆ ದಾರಿಯಿತ್ತು. ಹಿಂದಿನ ಸೀಟಿನಲ್ಲಿ ಶಾರದಮ್ಮ ಮಗುವನ್ನು ಮಡಿಲಿಗೆಳೆದುಕೊಂಡರು. ಅವನು ಹರಿಯ ಹೆಸರು ಹೇಳಿ ಇಳಿಸಿದ.

ನೀರು ಬಾನೆಟ್ಟಿಗೆ ಬಡಿಯಿತು. ತಲೆಯ ಮೇಲಿನ ಕೊಳವೆ ಒಣಗಾಳಿಯನ್ನು ಸದ್ದಿಲ್ಲದೆ ಎಳೆಯುತ್ತಲೇ ಇತ್ತು, ಎಂಜಿನು ಕೆಮ್ಮಲಿಲ್ಲ. ನಡುಮಧ್ಯಕ್ಕೆ ಬಂದಾಗ, ಹಿಂದಿನಿಂದ, ಅವನ ಭುಜದ ಮೇಲೆ ಒಂದು ಕೈ ಕುಳಿತಿತು.

ಕನ್ನಡಿಯಲ್ಲಿ ಸುಮತಿ ಅಜ್ಜಿಯ ಮಡಿಲಲ್ಲಿ ನಿದ್ದೆ ಹೋಗಿದ್ದಳು. ಅಜ್ಜಿಯ ಎರಡೂ ಕೈಗಳು ಅವಳನ್ನು ತಬ್ಬಿಕೊಂಡಿದ್ದವು.

ಐತಪ್ಪ ತಿರುಗಿ ನೋಡಲಿಲ್ಲ, ಮಾತಾಡಿಸಲೂ ಇಲ್ಲ. ಒಳಗೆ ಕರೆದ ಮೇಲೆ ಮನೆಯವರು ಎಲ್ಲಿ ಹೋದರೆ ಅವಳೂ ಅಲ್ಲಿಗೆ ಬರುವವಳೇ. ಪೆಡಲನ್ನು ಹದವಾಗಿ ಒತ್ತಿ ಏರು ಹತ್ತಿಸಿದ. ಒಣನೆಲ ಮುಟ್ಟಿದಾಗ ಭುಜ ಹಗುರಾಯಿತು. ಕಾರಿನೊಳಗೆ ಮಗುವಿನ ಉಸಿರೊಂದೇ ಕೇಳಿಸುತ್ತಿತ್ತು, ಯಾವ ಸಿಳ್ಳೆಯೂ ಇಲ್ಲದೆ.