ರೈಟ್ ಅನ್ನದ ಕಂಡಕ್ಟರ್

ಬದುಕೆಂಬುದು ಒಂದು ಪಯಣ, ಇಲ್ಲಿ ಯಾರಿಗೂ ಶಾಶ್ವತ ನಿಲ್ದಾಣವಿಲ್ಲ ಎಂದು ಬಲ್ಲವರು ಹೇಳುತ್ತಾರೆ. ಅವರಲ್ಲಿ ಒಬ್ಬರೂ ನಿವೃತ್ತ ಬಸ್ ಡ್ರೈವರನ್ನು ಮದುವೆಯಾದವರಲ್ಲ.

ನಾನು ಆಗಿದ್ದೇನೆ. ನನ್ನ ಯಜಮಾನರು ಮೂವತ್ತೊಂದು ವರ್ಷ ಹರಪನಹಳ್ಳಿ–ಕೊಟ್ಟೂರು–ಕೂಡ್ಲಿಗಿ ಮಾರ್ಗದಲ್ಲಿ ಬಸ್ಸು ಓಡಿಸಿದರು. ನಾನು ಅಷ್ಟೂ ಕಾಲ ಪ್ರಾಥಮಿಕ ಶಾಲೆಯ ಮಕ್ಕಳಿಗೆ ಮಗ್ಗಿ ಹೇಳಿಕೊಟ್ಟೆ. ನಿವೃತ್ತಿಯಾದ ಮೇಲೆ ಕಟ್ಟೆಯ ಮೇಲೆ ಕೂತು ಊರ ಉಸಾಬರಿ ಮಾಡಿಯಾರು ಎಂದು ನಾನು ಕಾದಿದ್ದರೆ, ಇವರು ಶ್ರೀಲಂಕಾದಲ್ಲಿ ಹಾಸಿಗೆ, ಒಲೆ ಎಲ್ಲ ಇರುವ ವ್ಯಾನು ಬಾಡಿಗೆಗೆ ಸಿಗುತ್ತದೆಂಬ ಸುದ್ದಿ ತಂದರು. ಅದೇ ದೇಶ ಏಕೆ ಎಂದರೆ, "ಅಲ್ಲೂ ಗಾಡಿ ಎಡಕ್ಕ ಹೊಡೀತಾರ" ಎಂದರು. ಒಂದು ದೇಶವನ್ನು ಹೊಗಳಲು ಅವರಿಗೆ ಅಷ್ಟು ಸಾಕು.

ಅವರದೊಂದು ಕಟ್ಟಳೆಯಿದೆ. ಹಿಂದಿನಿಂದ ಯಾರಾದರೂ "ರೈಟ್" ಎನ್ನದೆ ಗಾಡಿ ಅಲುಗಿಸುವುದಿಲ್ಲ. ವ್ಯಾನಿನಲ್ಲಿದ್ದ ಎರಡನೆಯ ಜೀವ ನಾನೊಬ್ಬಳೇ ಆದ್ದರಿಂದ ಅರವತ್ತೊಂದನೆಯ ವಯಸ್ಸಿನಲ್ಲಿ ನನಗೆ, ಅರ್ಜಿ ಹಾಕದೆಯೇ, ಕಂಡಕ್ಟರ್ ಹುದ್ದೆ ದೊರೆಯಿತು. ಬೆಳಗ್ಗೆ ಆರೂ ಹತ್ತಕ್ಕೆ ಸೀಟಿನ ಮೇಲೆ ಟವೆಲ್ ಹಾಸಿ, ಸ್ಟೇರಿಂಗಿಗೆ ಕೈಮುಗಿದು, "ಆತೇನು?" ಎನ್ನುವರು. ನಾನು "ರೈಟ್" ಎನ್ನುವೆ. ಹೀಗೆ ಎರಡು ತಿಂಗಳು. ಯಾವ ಊರಲ್ಲೂ ಎರಡು ದಿನಕ್ಕಿಂತ ಹೆಚ್ಚು ನಿಲ್ಲಲಿಲ್ಲ. ಬೆಟ್ಟಗಳು, ಚಹಾ ತೋಟಗಳು, ಬುದ್ಧನ ದೊಡ್ಡ ದೊಡ್ಡ ಮೂರ್ತಿಗಳು ಎಲ್ಲವೂ ಕಿಟಕಿಯಲ್ಲಿ ಹಿಂದಕ್ಕೆ ಓಡಿದವು.

ನನ್ನ ಚಿಂತೆ ಬೇರೆಯೇ ಇತ್ತು. ಇವರು ಮಲಗಿದಾಗಲೂ ಬಲಗಾಲು ಬ್ರೇಕು ಒತ್ತುತ್ತದೆ. ಮದುವೆಯಾದ ಹೊಸತರಲ್ಲಿ ಒದೆಯುತ್ತಿದ್ದಾರೆಂದು ಹೆದರಿದ್ದೆ. ಆಮೇಲೆ ತಿಳಿಯಿತು, ಕನಸಿನಲ್ಲಿ ಎಮ್ಮೆ ಅಡ್ಡ ಬಂದಿರುತ್ತದೆ. ನಿವೃತ್ತಿಯಾದರೆ ನಿಂತೀತು ಎಂದುಕೊಂಡೆ. ನಿಲ್ಲಲಿಲ್ಲ. ಆ ಕಾಲು ಸುಮ್ಮನೆ ಮಲಗಿದ್ದನ್ನು ಒಮ್ಮೆ ನೋಡಬೇಕೆಂಬುದೇ ನನ್ನ ಆಸೆ. ಬುದ್ಧನ ದರ್ಶನ ಆಮೇಲೆ.

ದಕ್ಷಿಣದ ದಡದಲ್ಲಿರುವ ತಂಗಾಲೆ ಎಂಬ ಊರಿನಲ್ಲಿ, ಕಡಲಿಗೆ ಎದುರಾಗಿ ಚಹಾದಂಗಡಿ ಇಟ್ಟಿದ್ದ ಹೆಂಗಸೊಬ್ಬಳು ತನ್ನ ತೆಂಗಿನ ಮರಗಳ ನಡುವೆ ವ್ಯಾನು ನಿಲ್ಲಿಸಲು ಜಾಗ ಕೊಟ್ಟಳು. ಅವಳ ಸಿಂಹಳ ನನಗೆ ಬಾರದು, ನನ್ನ ಕನ್ನಡ ಅವಳಿಗೆ ಬಾರದು. ಆದರೆ ಅಕ್ಕನಿಗೆ ಅವರಲ್ಲೂ ಅಕ್ಕ ಎಂದೇ ಅನ್ನುತ್ತಾರೆ. "ಅಕ್ಕಾ" ಎಂದು ಅವಳು ಚಹಾ ಕೊಡುವಳು, "ಅಕ್ಕಾ" ಎಂದು ನಾನು ಲೋಟ ಮರಳಿಸುವೆ. ಯಾರು ದೊಡ್ಡವರೆಂಬ ಪ್ರಶ್ನೆಯನ್ನು ಇಬ್ಬರೂ ಎತ್ತಲಿಲ್ಲ.

ಎರಡನೆಯ ದಿನ ಮಧ್ಯಾಹ್ನ ಉಂಡು, ಇವರು ನೆರಳಿನಲ್ಲಿ ಚಾಪೆ ಹಾಸಿ ಮಲಗಿದರು. ನಾನು ಅಕ್ಕಿ ಆರಿಸುತ್ತಾ ಕಾಲನ್ನೇ ನೋಡುತ್ತಿದ್ದೆ. ಅರ್ಧ ಗಂಟೆ. ಒಂದು ಗಂಟೆ. ಕಾಲು ಅಲುಗಲಿಲ್ಲ. ಗಾಬರಿಯಾಗಿ ಮೂಗಿನ ಬಳಿ ಬೆರಳಿಟ್ಟು ನೋಡಿದೆ. ಉಸಿರಿತ್ತು.

ಮರುದಿನ ಆರೂ ಹತ್ತಕ್ಕೆ ನಾನು ಚಹಾದಂಗಡಿಯ ಬೆಂಚಿನ ಮೇಲೆ ಲೋಟ ಹಿಡಿದು ಕೂತಿದ್ದೆ. ಇವರು ಸ್ಟೇರಿಂಗಿನ ಮುಂದೆ.

"ಆತೇನು?"

ನಾನು ಚಹಾ ಗುಟುಕರಿಸಿದೆ.

"ಏನವಾ ಟೀಚರಮ್ಮಾ, ಕಿವಿ ಕೇಳವಲ್ಲವೇನು? ಟೈಮ್ ಆತು."

"ಯಾರ ಟೈಮ್ರಿ? ಡಿಪೋದಾಗ ಯಾರ್ ಕಾಯಾಕತ್ತಾರ ನಿಮ್ಮನ್ನ?"

"ರೈಟ್ ಅನ್ನು ಅಂದ್ರ ರೈಟ್ ಅನ್ಬೇಕು."

"ಅನ್ನಂಗಿಲ್ಲ."

ಅವರ ಸರ್ವಿಸ್ಸಿನಲ್ಲೇ ಇಂಥ ಬಂಡಾಯ ನಡೆದಿರಲಿಲ್ಲ. ಅಂಗಡಿಯವಳತ್ತ ತಿರುಗಿ, "ಅಕ್ಕಾ, ನೀನರ ಅನ್ನವಾ, ರೈಟ್!" ಎಂದು ಬಾಗಿಲು ಬಡಿದು ತೋರಿಸಿದರು. ಅವಳಿಗೆ ಏನು ತಿಳಿಯಿತೋ, ನಗುತ್ತಾ ವ್ಯಾನಿನ ಬೆನ್ನಿಗೆ ಎರಡೇಟು ಹಾಕಿ "ರೈಟ್!" ಎಂದು ಕೂಗಿಯೇ ಬಿಟ್ಟಳು.

ಕಟ್ಟಳೆ ಪೂರೈಸಿತು. ವ್ಯಾನು ಹೊರಟಿತು.

ಹತ್ತು ಮಾರು ಹೋಗಿರಬೇಕು, ಪಕ್ಕದ ಕನ್ನಡಿಯಲ್ಲಿ ಅವರ ಮುಖ ಕಂಡಿತು. ವ್ಯಾನು ನಿಂತಿತು. ಇಂಜಿನ್ ಆರಿಸಿ, ಇಳಿದು ಬಂದು, ಬೆಂಚಿನ ಮೇಲೆ ನನ್ನ ಪಕ್ಕ ಕೂತರು.

"ಯಾಕ್ ನಿಲ್ಸಿದ್ರಿ?"

"ಕಂಡಕ್ಟರ್ ಹತ್ತಿಲ್ಲಲ್ಲ."

ನನ್ನ ಲೋಟವನ್ನೇ ಅವರಿಗೆ ಕೊಟ್ಟೆ. ಉಳಿದದ್ದನ್ನು ಕುಡಿದರು.

"ನಿನ್ನಿ ಮಧ್ಯಾಹ್ನ ನಿಮ್ಮ ಕಾಲು ಬ್ರೇಕ್ ಹಾಕ್ಲಿಲ್ರಿ," ಎಂದೆ.

ಅವರು ಚಪ್ಪಲಿ ಬಿಟ್ಟು ಬಲಗಾಲನ್ನು ಬೇರೆ ಯಾರದೋ ಎಂಬಂತೆ ನೋಡಿಕೊಂಡರು. "ಒಮ್ಮೊಮ್ಮೆ ಹಲವಾಗಲು ಊರಿಗೆ ಡ್ಯೂಟಿ ಹಾಕಿ, ಅಲ್ಲೇ ನೈಟ್ ಹಾಲ್ಟ್ ಇದ್ದಾಗ ಹೊಳಿ ದಂಡ್ಯಾಗ ಹಿಂಗ ಗಾಳಿ ಬೀಸ್ತಿತ್ತು" ಎಂದರು.

"ಇದೂ ಹಾಲ್ಟ್ ಅಂತ ತಿಳ್ಕೊಳ್ರಿ."

"ಎಷ್ಟು ದಿನದ್ದಲೇ?"

"ಕಂಡಕ್ಟರ್ ರೈಟ್ ಅನ್ನೋತನಕ."

ವ್ಯಾನು ತಂಗಾಲೆಯಲ್ಲಿ ಮೂರೂವರೆ ತಿಂಗಳು ನಿಂತಿತು. ಬ್ಯಾಟರಿ ಎರಡು ಸಲ ಡೌನ್ ಆಯಿತು.