ಹತ್ತು ಸೂಚಕರೊಂದಿಗೆ ಹೊಸಕೋಟೆಗೆ

ದೊಡ್ಡಬಳ್ಳಾಪುರದಿಂದ ಬೆಳಗ್ಗೆ ಆರೂವರೆಯ ಖಾಸಗಿ ಬಸ್ಸು ಹತ್ತಿದೆ. ದೇವನಹಳ್ಳಿಗೆ ಇಪ್ಪತ್ತೆರಡು ರೂಪಾಯಿ. ಕಂಕುಳಲ್ಲಿ ಒಂದು ಪ್ಲಾಸ್ಟಿಕ್ ಫೈಲು, ಅದರೊಳಗೆ ನಾಮಪತ್ರದ ನಮೂನೆ, ಅಫಿಡವಿಟ್ಟು, ಕಿಸೆಯಲ್ಲಿ ಎರಡು ಪೆನ್ನು. ಮೂವತ್ತೆಂಟು ವರ್ಷ ಹೊಂಗೆ ಮರದಡಿ ಮೇಜು ಹಾಕಿಕೊಂಡು ಜನರ ಕ್ರಯಪತ್ರ, ವಿಭಾಗಪತ್ರ ಬರೆದು ಬದುಕಿದವನು ನಾನು. ಚುನಾವಣೆಯ ನಾಮಪತ್ರ ಬರೆದದ್ದು ಅದೇ ಮೊದಲು. ವಿಧಾನಸಭೆಗೆ ಪಕ್ಷೇತರಳಾಗಿ ನಿಲ್ಲಲು ಹೊರಟಿದ್ದ ಜಯಮ್ಮ ಫೋನು ಮಾಡಿ, "ಅಣ್ಣಾ, ಒಂದಕ್ಷರ ತಪ್ಪಾದ್ರೂ ಎತ್ತಿ ಬಿಸಾಕ್ತಾರಂತೆ, ನೀವೇ ಬಂದ್ಬಿಡಿ" ಎಂದಿದ್ದಳು. ಅಂದು ಸಲ್ಲಿಸುವುದಕ್ಕೆ ಕೊನೆಯ ದಿನ. ಮಧ್ಯಾಹ್ನ ಮೂರರವರೆಗೆ ಸಮಯವಿತ್ತು.

ವಿಮಾನ ನಿಲ್ದಾಣ ಬಂದ ಮೇಲೆ ಈ ರಸ್ತೆಯ ಎರಡು ಬದಿಯೂ ಬದಲಾಗಿದೆ. ರಾಗಿ ಬೆಳೆಯುತ್ತಿದ್ದ ಕಡೆ ಸೈಟಿನ ಕಲ್ಲು ನೆಟ್ಟಿದ್ದಾರೆ, ಕಲ್ಲುಗಳ ನಡುವೆ ಹುಲ್ಲು ಒಣಗಿ ನಿಂತಿದೆ. ಒಂದೇ ಒಂದು ಮನೆ ಏಳದ ಬಡಾವಣೆಯ ಬಾಗಿಲಲ್ಲಿ ಕಾರಂಜಿಯೊಂದು ಬೆಳಗ್ಗೆ ಏಳು ಗಂಟೆಗೇ ಚಿಮ್ಮುತ್ತಿತ್ತು. ನೋಡಿ ನನಗೆ ಮೈಯೆಲ್ಲ ಉರಿಯಿತು. ಯಾರ ಬಾಯಿಯ ನೀರು ಅದು ಎಂದು ಕೇಳುವವರೇ ಇಲ್ಲ.

ದೇವನಹಳ್ಳಿಯಲ್ಲಿ ಇಡ್ಲಿ ತಿಂದು ಕಾಫಿ ಕುಡಿದು ಹೊಸಕೋಟೆಯ ಬಸ್ಸು ಹಿಡಿದೆ. ನಲ್ಲೂರಿನ ಹುಣಸೆ ತೋಪಿನ ಹತ್ತಿರ ಎರಡು ನಿಮಿಷ ಕಿಟಕಿಯಿಂದ ತಣ್ಣನೆಯ ಗಾಳಿ ಬಂತು. ತೋಪು ದಾಟಿದ್ದೇ ತಡ, ರಸ್ತೆಯ ಪಕ್ಕದಲ್ಲಿ ನೀರಿನ ಟ್ಯಾಂಕರುಗಳ ಸಾಲು. ಕಂಡಕ್ಟರು ತಾನಾಗಿಯೇ ಹೇಳಿದ: "ಎಲ್ಲಾ ಏರ್‌ಪೋರ್ಟ್ ಕಡೆ ಹೋಟ್ಲುಗಳಿಗೆ ಸಾರ್. ನಮ್ಮೂರಲ್ಲಿ ನಾಕು ದಿನಕ್ಕೊಂದ್ಸಲ ನಲ್ಲಿ ಬಿಡ್ತಾರೆ, ಅದೂ ಒಂದ್ ಗಂಟೆ." ಟಿಕೆಟ್ಟು ಹರಿದು ಕೊಟ್ಟು ಮುಂದೆ ಹೋದ.

ಸೂಲಿಬೆಲೆ ಇನ್ನೂ ಮೂರು ಕಿಲೋಮೀಟರ್ ಇರುವಾಗ ಜಯಮ್ಮನ ಊರಿಗೆ ದಾರಿ ತಿರುಗುವ ಗೇಟಿನಲ್ಲಿ ಇಳಿದೆ. ಜಯಮ್ಮ ಸ್ಕೂಟರಿನ ಮೇಲೆ ಕಾಯುತ್ತಿದ್ದಳು. ಎರಡು ಹಸು, ಅರ್ಧ ಎಕರೆ ಹಿಪ್ಪುನೇರಳೆ ಇರುವ ಹೆಂಗಸು. ಅವಳ ಊರಿನ ಕೆರೆಯಂಗಳದಲ್ಲಿ ಯಾರೋ ಕೊಳವೆಬಾವಿ ತೋಡಿ ಟ್ಯಾಂಕರಿಗೆ ನೀರು ತುಂಬತೊಡಗಿದಾಗ ಊರಿನ ನಲ್ಲಿ ಒಣಗಿತು. ಅರ್ಜಿ ಕೊಟ್ಟು ಸಾಕಾಗಿ, ಇವಳು ಹೆಂಗಸರನ್ನು ಕರೆದುಕೊಂಡು ಖಾಲಿ ಕೊಡಗಳ ಸಮೇತ ರಸ್ತೆಯಲ್ಲಿ ಕುಳಿತಳು. ಇಪ್ಪತ್ತಮೂರು ದಿನ ಒಂದು ಟ್ಯಾಂಕರೂ ಅಲುಗಲಿಲ್ಲ. ಆಮೇಲೆ ಅವು ಇನ್ನೊಂದು ದಾರಿ ಮಾಡಿಕೊಂಡವು. ಆಗ ಅದೇ ಹೆಂಗಸರು, "ರಸ್ತೇಲಿ ಕೂತಿದ್ದು ಸಾಕು, ವಿಧಾನಸೌಧದಲ್ಲಿ ಹೋಗಿ ಕೂತ್ಕೊ" ಎಂದು ಇವಳನ್ನು ಹೊರಡಿಸಿದ್ದರು.

ಪಕ್ಷೇತರರಿಗೆ ಅದೇ ಕ್ಷೇತ್ರದ ಹತ್ತು ಮತದಾರರು ಸೂಚಕರಾಗಬೇಕು. ರುಜು ಬರುವವರು ಮನೆಯಲ್ಲೇ ಹಾಕಿದರೆ ನಡೆಯುತ್ತದೆ, ಹೆಬ್ಬೆಟ್ಟು ಒತ್ತುವವರು ಮಾತ್ರ ಅಧಿಕಾರಿಯ ಎದುರಿಗೇ ಒತ್ತಬೇಕು. ಹತ್ತೂ ಮಂದಿ ಒಪ್ಪಿಯಾಗಿತ್ತು. ಅವಳ ಮನೆ ಜಗಲಿಗೆ ಹೋಗಿ ನೋಡಿದರೆ ಒಂಬತ್ತು ಗಂಟೆಯಾದರೂ ಕುಳಿತಿದ್ದವರು ಆರೇ ಜನ. ಉಳಿದ ನಾಲ್ವರ ಬಾಗಿಲು ಮುಚ್ಚಿತ್ತು.

"ಬರಲ್ಲ ಅಣ್ಣ ಅವರು. ಆಣೆ ಇಟ್ಟವ್ರೆ" ಎಂದಳು ಜಯಮ್ಮ.

ಆಗ ವಿಷಯ ತಿಳಿಯಿತು. ಚಳಿಗಾಲದಲ್ಲಿ, ಚುನಾವಣೆಯ ಸುದ್ದಿಯೇ ಇಲ್ಲದಾಗ, ಈಗ ಕಣಕ್ಕಿಳಿಯುತ್ತಿದ್ದ ದೊಡ್ಡ ಮನುಷ್ಯರೊಬ್ಬರು ಊರಿನ ಎಷ್ಟೋ ಹೆಂಗಸರಿಗೆ ಕೆಂಪು ಸೀರೆ ಉಡಿಸಿ ತಮಿಳುನಾಡಿನ ದೇವಿಯ ಗುಡಿಗೆ ಬಿಟ್ಟಿ ಬಸ್ಸು ಕಳಿಸಿದ್ದರು. ದರ್ಶನವಾದ ಮೇಲೆ ಅವರ ಕಡೆಯವನೊಬ್ಬ ಗುಡಿಯೆದುರು ಕರ್ಪೂರ ಹಚ್ಚಿ, ಒಬ್ಬೊಬ್ಬರ ಕೈಯನ್ನೂ ಉರಿಯ ಮೇಲೆ ಹಿಡಿಸಿ ಮಾತು ತೆಗೆದುಕೊಂಡಿದ್ದ. ನಾನು ಬರುವ ಹಿಂದಿನ ಸಂಜೆ ಅವನೇ ಮನೆಮನೆಗೆ ಬಂದು, "ಕರ್ಪೂರ ನೆನಪೈತಾ?" ಎಂದಷ್ಟೇ ಕೇಳಿ ಹೋಗಿದ್ದನಂತೆ. ನನ್ನ ರಕ್ತ ಕುದಿಯಿತು. ದುಡ್ಡು ಹಂಚುವ ಕಳ್ಳರನ್ನು ಕಂಡಿದ್ದೇನೆ. ಇವರು ದೇವರನ್ನೇ ತಮ್ಮ ಏಜೆಂಟಾಗಿ ಕೂರಿಸಿಬಿಟ್ಟಿದ್ದರು!

ಮೊದಲು ಮುನಿಯಮ್ಮನ ಮನೆಗೆ ಹೋದೆವು. ಎಪ್ಪತ್ತು ದಾಟಿದ ವಿಧವೆ. ರಸ್ತೆಯಲ್ಲಿ ಇಪ್ಪತ್ತಮೂರು ದಿನವೂ ಜಯಮ್ಮನ ಪಕ್ಕದಲ್ಲೇ ಕುಳಿತವಳು. ಬಾಗಿಲನ್ನು ಅರ್ಧ ತೆರೆದು, "ನನ್ನ ಮಕ ನೋಡ್ಬೇಡ ಕಣವ್ವ" ಎಂದಳು.

ನಾನು ತಡೆಯಲಾರದೆ, "ಅದೊಂದು ಆಣೆಯೇನಮ್ಮಾ? ಮೋಸದಿಂದ ತಗೊಂಡಿದ್ದು, ಅದಕ್ಕೆ ಬೆಲೆ ಇಲ್ಲ" ಎಂದೆ.

"ಮೋಸ ಮಾಡಿದ್ದು ಅವ್ನು. ಆದ್ರೆ ಕೈ ಇಟ್ಟಿದ್ದು ನಾನಲ್ವಾ ಸಾಮಿ? ತಾಯಿ ನೋಡ್ತಿದ್ಲು. ಮನೇಲಿ ಮೊಮ್ಮಗು ಐತೆ, ಅದಕ್ಕೇನಾದ್ರೂ ಆದ್ರೆ?"

ನಾನು ಕಾನೂನು ಹೇಳಲು ಬಾಯಿ ತೆರೆದೆ. ಜಯಮ್ಮ ನನ್ನನ್ನು ಸುಮ್ಮನಿರಿಸಿ ಹೊಸಿಲ ಮೇಲೆ ಕುಳಿತಳು.

"ಮುನಿಯಕ್ಕ, ಏನಂತ ಹೇಳಿ ಕೈ ಇಟ್ಟೆ? ಇದ್ದದ್ದು ಇದ್ದಂಗೇ ಹೇಳು."

"ಕರ್ಪೂರ ಹಚ್ಚಿದೋನ್ಗೆ, ನನ್ನ ಓಟು ನಿಮ್ಮಣ್ಣಂಗೇ ಅಂದೆ. ಅಷ್ಟೇ."

"ಬೇರೆಯವ್ರಿಗೆ ಹೆಬ್ಬೆಟ್ಟು ಒತ್ತಲ್ಲ ಅಂದ್ಯಾ?"

"ಅದ್ನ ಅವ್ನು ಕೇಳ್ಲೇ ಇಲ್ವಲ್ಲ" ಎಂದು ಮುದುಕಿ ಒಳಗೆ ಹೋಗಿ ಚಪ್ಪಲಿ ಹುಡುಕಿದಳು.

ಉಳಿದ ಮೂವರನ್ನೂ ಅವಳೇ ಎಬ್ಬಿಸಿಕೊಂಡು ಬಂದಳು. ಅವರಲ್ಲಿ ಇಬ್ಬರು ಜಗಲಿಯಲ್ಲೇ ರುಜು ಹಾಕಿದರು. ಮುನಿಯಮ್ಮ ಮತ್ತು ಇನ್ನೊಬ್ಬಳು ಹೆಬ್ಬೆಟ್ಟಿನವರು. "ನಿನಗೇ ಓಟು ಹಾಕದವರನ್ನು ಸೂಚಕರಾಗಿ ಮಾಡ್ಕೊಂಡು ಇದೆಂಥ ಚುನಾವಣೆ?" ಎಂದು ನಾನು ಜಯಮ್ಮನ ಮೇಲೆ ರೇಗಿದೆ. "ನಿಲ್ಲೋದೇ ಇಲ್ಲ ಅಂದ್ರೆ ನೀರಿನ ಮಾತು ಯಾರ ಬಾಯಲ್ಲೂ ಬರಲ್ಲ ಅಣ್ಣ. ಮೊದ್ಲು ನಿಂತ್ಕೊತೀನಿ" ಎಂದಳು.

ಹನ್ನೊಂದಕ್ಕೆ ಎಲ್ಲರನ್ನೂ ಹತ್ತಿಸಿಕೊಂಡು ಲಗೇಜ್ ಆಟೊ ಹೊರಟಿತು. ಬಿಸಿಲು ಆಗಲೇ ತಲೆ ಸುಡುತ್ತಿತ್ತು. ಸೂಲಿಬೆಲೆಯಲ್ಲಿ ಮಜ್ಜಿಗೆ ಕುಡಿಯಲು ನಿಲ್ಲಿಸಿದಾಗ ಬೈಕಿನಲ್ಲಿ ಒಬ್ಬ ಬಂದು ಅಡ್ಡ ನಿಂತ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಎರಡು ಫೋನು. ಕರ್ಪೂರ ಹಚ್ಚಿದವನು ಅವನೇ ಎಂದು ಜಯಮ್ಮ ಪಿಸುಗುಟ್ಟಿದಳು.

"ಎಲ್ಲಿಗಜ್ಜಿ ಸವಾರಿ?"

"ಹೊಸಕೋಟೆಗೆ ಕಣಪ್ಪ, ಜಯಮ್ಮನ್ನ ನಿಲ್ಲಿಸೋಕೆ" ಎಂದಳು ಮುನಿಯಮ್ಮ.

"ತಾಯಿ ಮುಂದೆ ಏನಂದಿದ್ದೆ ಅಜ್ಜಿ?"

"ಓಟು ನಿಮ್ಮಣ್ಣಂಗೇ. ನಾನು ಸುಳ್ಳಾಡೋಳಲ್ಲ. ಹೆಬ್ಬೆಟ್ಟು ನಂದು, ಅದ್ನ ನಾನು ಇವ್ಳಿಗೆ ಕೊಡ್ತೀನಿ." ಮಜ್ಜಿಗೆ ಲೋಟ ಖಾಲಿ ಮಾಡಿ ಕೆಳಗಿಟ್ಟಳು. ಅವನು ಫೋನು ಕಿವಿಗಿಟ್ಟುಕೊಂಡು ಪಕ್ಕಕ್ಕೆ ಸರಿದ.

ಹೊಸಕೋಟೆ ಮುಟ್ಟಿದಾಗ ಪೇಟೆಯ ರಸ್ತೆಯೆಲ್ಲ ಬಂದ್. ಅದೇ ದೊಡ್ಡ ಮನುಷ್ಯರು ನಾಮಪತ್ರ ಕೊಡಲು ಮೆರವಣಿಗೆಯಲ್ಲಿ ಬರುತ್ತಿದ್ದರು. ತಮಟೆ, ಪಟಾಕಿ, ಕ್ರೇನಿನಿಂದ ತೂಗುಬಿದ್ದ ಸೇಬಿನ ಹಾರ. ಜನ ಹಾರಕ್ಕೆ ಮುಗಿಬಿದ್ದು ಸೇಬು ಕಿತ್ತುಕೊಳ್ಳುತ್ತಿದ್ದರು, ಕೆಳಗೆ ಬಿದ್ದವು ಚಪ್ಪಲಿಯಡಿ ಅಪ್ಪಚ್ಚಿಯಾಗುತ್ತಿದ್ದವು. ಧೂಳೇಳದಿರಲಿ ಎಂದು ಮುಂದುಗಡೆ ಒಂದು ಟ್ಯಾಂಕರು ರಸ್ತೆಗೆ ನೀರು ಚೆಲ್ಲುತ್ತಾ ಹೋಗುತ್ತಿತ್ತು. ಜಯಮ್ಮನ ಊರಿನ ಹೆಂಗಸರು ಅದನ್ನೇ ನೋಡುತ್ತಾ ನಿಂತುಬಿಟ್ಟರು. ನಾಚಿಕೆಗೆಟ್ಟವರು ಎಂದು ನಾನು ಗಟ್ಟಿಯಾಗಿಯೇ ಬೈದೆ, ತಮಟೆಯ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ.

ಎರಡು ಗಂಟೆಯವರೆಗೂ ದಾರಿ ಬಿಡದಿದ್ದಾಗ ಆಟೊ ಬಿಟ್ಟು ಸಂದಿಗೊಂದಿ ಹಿಡಿದು ನಡೆದೆವು. ಮುನಿಯಮ್ಮನನ್ನು ಇಬ್ಬರು ತೋಳು ಹಿಡಿದು ನಡೆಸಿದರು. ಕಚೇರಿ ಬಾಗಿಲು ಮುಟ್ಟಿದಾಗ ಎರಡೂ ನಲವತ್ತು. ಒಳಗಿದ್ದ ಅಧಿಕಾರಿ ಕಾಗದಗಳನ್ನು ತಾಳ್ಮೆಯಿಂದ ನೋಡಿ, ಹೆಬ್ಬೆಟ್ಟಿನವರನ್ನು ಒಬ್ಬೊಬ್ಬರಾಗಿ ಕರೆದರು. ಮುನಿಯಮ್ಮ ಶಾಯಿಯ ಡಬ್ಬಿಗೆ ಬೆರಳೊತ್ತಿ, ಕಾಗದದ ಮೇಲೆ ಪೂರ್ತಿ ಭಾರ ಬಿಟ್ಟು ಒತ್ತಿದಳು. ಮೂರಕ್ಕೆ ಐದು ನಿಮಿಷವಿರುವಾಗ ರಸೀದಿ ಜಯಮ್ಮನ ಕೈಗೆ ಬಂತು. ಅವಳು ಅದನ್ನು ಎರಡು ಸಲ ಓದಿ, ಸೆರಗಿನಿಂದ ಮುಖ ಒರೆಸಿಕೊಂಡಳು.

ಸಂಜೆ ನಾನು ದೇವನಹಳ್ಳಿಯ ಬಸ್ಸಿಗೆ ಕಾಯುತ್ತಿದ್ದೆ. ಊರಿನವರು ಆಟೊ ಹತ್ತುತ್ತಿದ್ದರು. ಮುನಿಯಮ್ಮ ಹಿಂದಕ್ಕೆ ಬಂದು ನನ್ನ ಪಕ್ಕ ನಿಂತಳು.

"ನೀವು ಪತ್ರ ಬರೆಯೋರಂತಲ್ಲ ಸಾಮಿ. ಮಾಡಿದ್ ಪತ್ರನ ರದ್ದು ಮಾಡೋಕೂ ಪತ್ರ ಇರ್ತದಂತೆ, ಹೌದಾ?"

"ಇರ್ತದಮ್ಮ, ಎಷ್ಟೋ ಬರೆದಿದ್ದೀನಿ."

"ಆಣೇಗೂ ಅಂಥದ್ದೊಂದು ಐತಾ? ಎಷ್ಟು ದೂರಾದ್ರೂ ಬಂದು ಹೆಬ್ಬೆಟ್ಟು ಒತ್ತಿ ಹೋಗ್ತೀನಿ."

ಬೆಳಗ್ಗೆ ಅವಳಿಗೆ ಹೇಳಹೊರಟಿದ್ದ ಕಾನೂನೆಲ್ಲ ಬಾಯಿಗೆ ಬಂದರೂ ಅದನ್ನು ಬದಿಗಿಟ್ಟೆ.

"ಇಲ್ಲಮ್ಮ" ಎಂದೆ.

"ಹಂಗಾದ್ರೆ ಓಟಿನ ದಿನ ನಾನು ಅವ್ನಿಗೇ ಒತ್ತಬೇಕು" ಎಂದಳು. ಅವಳ ಕಣ್ಣು ತುಂಬಿತ್ತು. "ನನ್ ಕೈಯಿಂದ್ಲೇ ಅವ್ಳನ್ನ ಸೋಲಿಸ್ಬೇಕಲ್ಲ ಸಾಮಿ."

ಆಟೊದಿಂದ ಜಯಮ್ಮ ಕೂಗಿ ಕರೆದಳು. ಮುದುಕಿ ಕಣ್ಣೊರೆಸಿಕೊಂಡು, ಏನೂ ಆಗದವಳ ಹಾಗೆ ಹೋಗಿ ಅವಳ ಪಕ್ಕದಲ್ಲೇ ಕುಳಿತಳು.